ಸೊಪ್ಪು ಕಂಡರೆ ಸೊಂಟ

ಪತ್ರಿಕೆಯವರು ಹಬ್ಬದ ಸಂಚಿಕೆಗೆ ಹಗುರವಾಗಿ ಏನಾದರೂ ಬರೆದುಕೊಡಿ ಎಂದಿದ್ದರು. ನನ್ನ ಮಂಡಿನೋವಿನ ಮೇಲೆ ಬರೆಯೋಣವೆಂದು ಕುಳಿತಿದ್ದೆ. ನಿವೃತ್ತ ಮೇಷ್ಟ್ರೊಬ್ಬನ ಮಂಡಿಗಿಂತ ಹಗುರವಾದ ವಿಷಯ ಈ ಮಂಡ್ಯದಲ್ಲಿ ಬೇರೆ ಯಾವುದಿದ್ದೀತು? ಎರಡು ಸಾಲು ಬರೆದೂ ಆಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಗೌರಿ ಕೂಗಿದಳು.

"ಮಾವ, ಇಲ್ ಬನ್ನಿ. ಒಂದ್ ತಮಾಸೆ ನೋಡಿ."

ತಮಾಷೆ ನೋಡಲು ಎದ್ದು ಹೋಗುವುದೆಂದರೆ ನನಗೀಗ ಒಂದು ಪ್ರಯಾಣವೇ. ಮೊದಲು ಕನ್ನಡಕ ಸಿಗಬೇಕು, ಆಮೇಲೆ ಕೋಲು ಸಿಗಬೇಕು, ಆಮೇಲೆ ಮಂಡಿ ಒಪ್ಪಬೇಕು. ಎಲ್ಲ ಕೂಡಿಬಂದು ನಾನು ಹೋಗುವ ಹೊತ್ತಿಗೆ ಗೌರಿ ರಾಗಿ ಡಬ್ಬವನ್ನು ಪಕ್ಕಕ್ಕೆ ಸರಿಸಿ ಮೂಲೆ ತೋರಿಸುತ್ತಾ ನಿಂತಿದ್ದಳು. ಡಬ್ಬದ ಹಿಂದೆ ಯಾವಾಗಲೋ ಒಂದು ಅವರೆಕಾಳು ಬಿದ್ದು, ನೆಲದ ತೇವ ಹಿಡಿದು ಮೊಳೆತಿತ್ತು. ಮೊಳಕೆಯೆಂದರೆ ಬೆರಳುದ್ದದ್ದಲ್ಲ. ಗೋಡೆಗೆ ಒರಗಿಕೊಂಡು, ಡಬ್ಬದ ಬೆನ್ನು ಸುತ್ತಿ, ಕಿಟಕಿಯ ಕಡೆಗೆ ಒಂದೂವರೆ ಮೊಳ ಬಂದಿತ್ತು. ದಾರದಷ್ಟು ಸಣ್ಣ, ಬೆಳ್ಳಗೆ. ತುದಿಯಲ್ಲಿ ಮಾತ್ರ ಎರಡು ಹಳದಿ ಎಲೆ.

"ಕಿತ್ತು ಬಿಸಾಕ್ಲಾ?" ಎಂದಳು ಗೌರಿ.

"ಇರಲಿ ಬಿಡು," ಎಂದೆ. ಬಂದು ಕುಳಿತೆ. ಮಂಡಿಯ ಮೇಲಿನ ಎರಡು ಸಾಲನ್ನು ಹೊಡೆದುಹಾಕಿದೆ. ಹಾಗಾಗಿ ಓದುಗರೇ, ಇದು ಹಗುರವಾದ ಬರಹವಲ್ಲ. ಹಬ್ಬದ ದಿನ ಹೋಳಿಗೆ ತಿಂದು ಒರಗಿಕೊಂಡು ಓದುವವರು ಇಲ್ಲಿಗೇ ಬಿಟ್ಟು ಮುಂದಿನ ಪುಟಕ್ಕೆ ಹೋದರೆ ನನಗೇನೂ ಬೇಜಾರಿಲ್ಲ.

ಗೌರಿ ನನ್ನ ಅಕ್ಕನ ಮಗಳು. ಅವಳಿಗೇ ಈಗ ಮೊಮ್ಮಗನಿದ್ದಾನೆ. ನಾನು ಮದುವೆಯಾಗಲಿಲ್ಲ, ಅವಳ ಮನೆಯಲ್ಲೇ ಇದ್ದೇನೆ. ಅಕ್ಕನ ಹೆಸರು ಕೆಂಪಮ್ಮ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನನಗೆ ಮೂರು ತುಂಬುವ ಮೊದಲೇ ಅವ್ವ ತೀರಿಕೊಂಡಿದ್ದರಿಂದ, ಅವ್ವ ಎಂದರೆ ನನಗೆ ಅಕ್ಕನ ಮುಖವೇ ಕಾಣುವುದು. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ ಶಿಂಷಾ ಹೊಳೆಯ ಈಚೆ ದಡದಲ್ಲಿತ್ತು. ಅಕ್ಕನನ್ನು ಕೊಟ್ಟಿದ್ದು ಆಚೆ ದಡಕ್ಕೆ. ನಮ್ಮ ಹಿತ್ತಿಲಲ್ಲಿ ನಿಂತರೆ ಅವಳ ಮನೆಯ ಒಲೆ ಹೊಗೆ ಕಾಣುತ್ತಿತ್ತು. "ಒಗೆ ಕಾಣೋವಷ್ಟ್ ಅತ್ರ ಕೊಟ್ಟಿವ್ನಿ, ಇನ್ನೇನ್ಲಾ ಅಳೋದು?" ಎಂದು ಅಪ್ಪ ನನ್ನನ್ನು ಗದರಿಸುತ್ತಿದ್ದ. ಹತ್ತಿರವೇನೋ ನಿಜ. ಆದರೆ ನಡುವೆ ಹೊಳೆ.

ಸೇತುವೆ ಬೇಕೆಂದರೆ ಮದ್ದೂರಿಗೇ ಹೋಗಬೇಕು. ಹೋಗಿ ಸುತ್ತಿಕೊಂಡು ಆಚೆ ಊರು ಮುಟ್ಟುವಷ್ಟರಲ್ಲಿ ಬೆಳಿಗ್ಗೆ ಉಂಡ ಮುದ್ದೆ ಕರಗಿ ಹೋಗಿರುತ್ತಿತ್ತು. ಮಳೆಗಾಲದಲ್ಲಿ ಬೆಸ್ತರ ದೊಡ್ಡಯ್ಯನ ಹರಿಗೋಲು. ಮಳೆ ನಿಂತು ಹೊಳೆ ಇಳಿದ ಮೇಲೆ ಹರಿಗೋಲು ಮರಳಿಗೆ ತಗಲಿ ಸಾಗದು, ನಡೆದೇ ದಾಟುವುದು. ಆದರೆ ಪ್ರತಿ ಮಳೆಗಾಲವೂ ಹೊಳೆ ತನ್ನ ಮರಳನ್ನು ಎತ್ತಿ ಬೇರೆ ಕಡೆ ಹಾಕುತ್ತಿತ್ತು. ಹೋದ ವರ್ಷ ದಾಟಿದ ಜಾಗದಲ್ಲಿ ಈ ವರ್ಷ ಗುಂಡಿ. ಹಾಗಾಗಿ ವರ್ಷ ವರ್ಷವೂ ದಾರಿಯನ್ನು ಹೊಸದಾಗಿ ಹುಡುಕಬೇಕು. ಹುಡುಕುವ ಉಪಾಯವನ್ನು ಎರಡೂ ದಡದ ಮಕ್ಕಳು ಮಾತು ಕಲಿತೊಡನೆ ಕಲಿಯುತ್ತಿದ್ದವು:

"ಸೊಪ್ ಕಂಡ್ರೆ ಸೊಂಟ, ಕಪ್ ಕಂಡ್ರೆ ಕುತ್ಗೆ."

ಹೊಳೆಯ ತಳದಲ್ಲಿ ಒಂದು ಸೊಪ್ಪು ಬೆಳೆಯುತ್ತಿತ್ತು. ಅದಕ್ಕೆ ಪುಸ್ತಕದ ಹೆಸರು ಏನೋ ಇದೆ, ನಮಗೆ ಅದು ಬರೀ ಸೊಪ್ಪು. ಆಷಾಢದಲ್ಲಿ ಹೊಳೆ ಕೆಂಪಗೆ ಬರುತ್ತಿದ್ದಾಗ ಅದರ ಸುಳಿವೇ ಇರುತ್ತಿರಲಿಲ್ಲ. ದೀಪಾವಳಿ ಕಳೆದು ನೀರು ತಿಳಿಯಾಗಿ, ಬಿಸಿಲು ತಳ ಮುಟ್ಟಿದ ಮೇಲೆ, ಹದಿನೈದು ದಿನದಲ್ಲಿ ಹಸಿರಾಗಿ ಚಿಗುರುತ್ತಿತ್ತು. ಬಿಸಿಲು ಮುಟ್ಟುವಷ್ಟು ಆಳದಲ್ಲಿ ಮಾತ್ರ ಸೊಪ್ಪು. ಅದಕ್ಕಿಂತ ಆಳವಾದ ಕಡೆ ಬೆಳಕೂ ಇಲ್ಲ, ಸೊಪ್ಪೂ ಇಲ್ಲ, ಬರೀ ಕಪ್ಪು. ಅಂದರೆ ಸೊಪ್ಪು ಕಂಡಲ್ಲಿ ನೀರು ಸೊಂಟಕ್ಕೆ ಮೀರುವುದಿಲ್ಲ. ಹೊತ್ತು ನೆತ್ತಿಗೆ ಬಂದಾಗ ಮಾತ್ರ ದಾಟಬೇಕು, ಇಳಿಬಿಸಿಲಿನಲ್ಲಿ ನೀರು ಕಣ್ಣಿಗೆ ಹೊಡೆದು ತಳ ಕಾಣುವುದಿಲ್ಲ. ಕಾರ್ತಿಕ ಕಳೆದ ಮೇಲೆ ಒಂದು ಮಧ್ಯಾಹ್ನ ದೊಡ್ಡಯ್ಯ ಹೊಳೆಗಿಳಿದು, ಸೊಪ್ಪಿನ ಜಾಡು ಹಿಡಿದು ಆಚೆ ದಡದವರೆಗೂ ಬಿದಿರು ಗಳ ನೆಡುತ್ತಿದ್ದ. ಆಮೇಲೆ ಆರು ತಿಂಗಳು ಗಳ ನೋಡಿಕೊಂಡು ನಾವು ದಾಟುತ್ತಿದ್ದೆವು.

ಅಕ್ಕ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದಳು. ನಾನು ಅವಳ ತುರುಬನ್ನೇ ಕಡಿವಾಣ ಮಾಡಿಕೊಂಡು "ಅರ್‍ರ್‍ರ್" ಎಂದು ಎತ್ತು ಹೊಡೆಯುತ್ತಿದ್ದೆ. "ತಲೆ ಕೂದ್ಲ ಬುಡ್ಲಾ, ನೀರೊಳಿಕೆ ಎಸ್ದುಬುಟ್ಟೇನು," ಎಂದು ಬೈಯುತ್ತಿದ್ದಳು. ನಡುಹೊಳೆಯಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಸೊಪ್ಪಿನ ಮೇಲೆ ನಿಂತರೆ ಅಂಗಾಲಿಗೆ ತಂಪು, ಮೀನುಮರಿಗಳು ಬಂದು ಕಾಲು ಕಚ್ಚುತ್ತವೆ, ಅದು ಅವಳಿಗೆ ಇಷ್ಟ. ಗಂಡನ ಮನೆಯಲ್ಲಿ ಅವಳಿಗೆ ನಿಲ್ಲಲು ಹೊತ್ತಿರುತ್ತಿರಲಿಲ್ಲ. ಹೊಳೆಯಲ್ಲಿ ನಿಂತಿದ್ದು ನಿಂತಿದ್ದೇ.

ನಾನು ಓದಿದೆ. ನಮ್ಮಂಥ ಮನೆಯಲ್ಲಿ ಅದೊಂದು ದೊಡ್ಡ ಸಂಗತಿ. ಮಳವಳ್ಳಿಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿ, ಮೇಷ್ಟ್ರ ತರಬೇತಿ ಪಡೆದು, ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ ನಮ್ಮೂರಿನ ಶಾಲೆಗೇ ಮೇಷ್ಟ್ರಾಗಿ ಬಂದೆ. ಮೀಸೆ ಸರಿಯಾಗಿ ಬಂದಿರಲಿಲ್ಲ, ಪೇಟ ಮಾತ್ರ ಬಂದಿತ್ತು. ಅಲ್ಲಿಯವರೆಗೂ "ಏನ್ಲಾ ಮಗ" ಎನ್ನುತ್ತಿದ್ದ ದೊಡ್ಡಯ್ಯ ಮಾರನೆಯ ದಿನದಿಂದ "ಮೇಷ್ಟ್ರೇ, ನೀವು" ಎನ್ನತೊಡಗಿದ. ನಾನು ಬೇಡವೆನ್ನಲಿಲ್ಲ. ಒಳಗೊಳಗೇ ಉಬ್ಬಿದೆ. ಅಕ್ಕನಂತೂ ಊರ ಹೆಂಗಸರೆದುರು "ನಮ್ ತಮ್ಮ ಯೋಳುದ್ರೆ ಮುಗೀತು" ಎಂದು ಸಣ್ಣದಕ್ಕೂ ದೊಡ್ಡದಕ್ಕೂ ನನ್ನನ್ನೇ ಸಾಕ್ಷಿಗೆ ಎಳೆಯುತ್ತಿದ್ದಳು. ಎಮ್ಮೆ ಯಾವಾಗ ಕರು ಹಾಕುತ್ತದೆ ಎನ್ನುವುದನ್ನೂ ನಾನೇ ಹೇಳಬೇಕು. ನಾನೂ ಹೇಳಿಬಿಡುತ್ತಿದ್ದೆ!

ಯುದ್ಧ ನಮ್ಮ ಕಡೆಗೆ ಬಂದದ್ದು ಹೀಗೆ: ಸೀಮೆಎಣ್ಣೆ ಹೋಯಿತು, ಬಸ್ಸು ಇದ್ದಲಿನಲ್ಲಿ ಓಡತೊಡಗಿತು, ಮತ್ತು ಸೆಣಬು ಬಂತು. ಸಿಪಾಯಿಗಳಿಗೆ ಹಗ್ಗ ಬೇಕಂತೆ, ಗೋಣಿ ಬೇಕಂತೆ ಎಂದು ಕಂಟ್ರಾಕ್ಟರು ಒಬ್ಬ ಊರೂರು ಸುತ್ತಿದ. ಮೊದಲೂ ನಾವು ಬೇಲಿ ಪಕ್ಕದಲ್ಲಿ ಮನೆ ಹಗ್ಗಕ್ಕಾಗುವಷ್ಟು ಸೆಣಬು ಹಾಕುತ್ತಿದ್ದೆವು. ಈಗ ಹೊಲಕ್ಕೆ ಹೊಲವೇ ಸೆಣಬಾಯಿತು. ನಮ್ಮ ಭಾವನೂ ಹಾಕಿದರು. ಸೆಣಬು ಕೊಯ್ದು ಕಂತೆ ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೊಳೆಹಾಕಬೇಕು. ಕೊಳೆತರೇ ನಾರು ಬಿಡುವುದು. ಮೊದಲೆಲ್ಲ ಕಟ್ಟೆಯ ಗುಂಡಿಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಗುಂಡಿ ಸಾಲದಾಯಿತು. ಮೇಲಿನ ಊರುಗಳವರು, ಕೆಳಗಿನ ಊರುಗಳವರು ಎಲ್ಲರೂ ಹೊಳೆಯ ಮಡುಗಳಿಗೇ ಇಳಿಸಿದರು.

ಆ ವರ್ಷ ಕಾರ್ತಿಕ ಕಳೆದರೂ ನೀರು ತಿಳಿಯಾಗಲಿಲ್ಲ. ಕೆಂಪು ಹೋಗಿ ಕಷಾಯದ ಬಣ್ಣ ಬಂತು. ಬೊಗಸೆಯಲ್ಲಿ ಎತ್ತಿದರೆ ಅಷ್ಟೇನೂ ಕಾಣದು, ಮೊಣಕಾಲುದ್ದ ಇಳಿದರೆ ಕಾಲ ಬೆರಳು ಕಾಣಿಸುತ್ತಿರಲಿಲ್ಲ. ದೊಡ್ಡಯ್ಯ ಎರಡು ಮೂರು ಮಧ್ಯಾಹ್ನ ದಡದಲ್ಲಿ ಗಳ ಹಿಡಿದು ನಿಂತು, ಗಳ ಸಮೇತ ಮನೆಗೆ ಹೋದ. ಅಕ್ಕ ಮದ್ದೂರು ಸೇತುವೆ ಸುತ್ತಿಕೊಂಡು ನನ್ನನ್ನು ನೋಡಲು ಬರತೊಡಗಿದಳು.

ಹಾಗೆ ಬಂದ ಒಂದು ದಿನ ಅವಳು ಶಾಲೆಯ ಜಗಲಿಯ ಮೇಲೆ ಕುಳಿತು ಒಡೆದ ಹಿಮ್ಮಡಿ ನೀವಿಕೊಳ್ಳುತ್ತಿದ್ದಳು. ಒಳಗೆ ನಾನು ಪ್ರಕೃತಿ ಪಾಠ ಮಾಡುತ್ತಿದ್ದೆ. ಎರಡು ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಅಕ್ಕನ ಹೊಲದ್ದೇ ಅವರೆಕಾಳು ಹಾಕಿ, ಒಂದನ್ನು ಕಿಟಕಿಯಲ್ಲಿಟ್ಟು, ಇನ್ನೊಂದರ ಮೇಲೆ ಸೀಮೆಎಣ್ಣೆ ಡಬ್ಬ ಕವುಚಿ ಹತ್ತು ದಿನವಾಗಿತ್ತು. ಇಡೀ ತರಗತಿ ಉಸಿರು ಬಿಗಿಹಿಡಿದಿರುವಾಗ ನಾನು ಮಂತ್ರವಾದಿಯ ಗತ್ತಿನಲ್ಲಿ ಡಬ್ಬ ಎತ್ತಿದೆ. ಕಿಟಕಿಯ ಗಿಡ ಗಿಡ್ಡಗೆ, ದಪ್ಪಗೆ, ಎಲೆ ತುಂಬಿಕೊಂಡಿತ್ತು. ಡಬ್ಬದೊಳಗಿನದು ಅದರ ಮೂರರಷ್ಟು ಉದ್ದ. ಬಿಳಿಚಿಕೊಂಡು, ಬುಡದಿಂದ ಒಂದೂ ಎಲೆಯಿಲ್ಲದೆ, ತುದಿಯಲ್ಲಿ ಎರಡು ಎಲೆ ಹೊತ್ತು, ಡಬ್ಬದ ತಳಕ್ಕೆ ಬಡಿದು ಬಗ್ಗಿತ್ತು.

ಅಕ್ಕ ಬಾಗಿಲಿಗೆ ಬಂದು ಇಣುಕಿದಳು.

"ಅಯ್ಯೋ ಪಾಪ! ಬೆಳಕ್ ಕಾಣ್ದೆ ಕತ್ ಉದ್ದ ಮಾಡ್ಕಂಡು ಉಡುಕ್ತಾ ಅದೆ ಕಣ್ಲಾ. ತೆಗ್ದು ಬಿಸುಲ್ಗಿಡು."

ಮಕ್ಕಳು ನಕ್ಕವು. ನಾನು ಕೋಲಿನಿಂದ ಮೇಜು ತಟ್ಟಿ, "ಅವರು ಹೇಳಿದ್ದೇ ಸರಿ. ಬೆಳಕು ಸಾಲದಿದ್ದರೆ ಗಿಡ ಬೆಳಕನ್ನು ಹುಡುಕಿಕೊಂಡು ಉದ್ದಕ್ಕೆ ಬೆಳೆಯುತ್ತದೆ. ಎಲ್ಲರೂ ಬರೆದುಕೊಳ್ಳಿ," ಎಂದೆ. ಎಲ್ಲರೂ ಬರೆದುಕೊಂಡರು. ಶಾಲೆಯಿಂದ ನೂರು ಹೆಜ್ಜೆ ದೂರದಲ್ಲಿ ಹೊಳೆ ಕಷಾಯದ ಬಣ್ಣದಲ್ಲಿ ಹರಿಯುತ್ತಿತ್ತು.

ಪುಷ್ಯದಲ್ಲಿ ಸೊಪ್ಪು ಕಾಣಿಸಿತು. ನಡುಹೊಳೆಯಲ್ಲಿ ಅಗಲಕ್ಕೆ, ನೀರಿನ ಮೇಲೇ, ಹಚ್ಚಗೆ. ನಾನೇ ಮೊದಲು ನೋಡಿದ್ದು. ಖುಷಿಯಾಗಿ ದೊಡ್ಡಯ್ಯನ ಮನೆಗೇ ಹೋದೆ. ಅವನು ಬಲೆ ಹೊಲಿಯುತ್ತಾ ಕುಳಿತಿದ್ದ.

"ದೊಡ್ಡಯ್ಯ, ಸೊಪ್ಪು ಬಂತಲ್ಲಪ್ಪ. ಗಳ ನೆಡು."

"ನೋಡ್ದೆ ಮೇಷ್ಟ್ರೇ. ನೆಲ ಕಾಣ್ದಂಗೆ ನಾ ಗಳ ನೆಡಾಕಿಲ್ಲ."

"ಸೊಪ್ಪು ಕಾಣುತ್ತಲ್ಲಯ್ಯ?"

"ಅದು ಕಾಣ್ತಿರೋದೇ ನಂಗ್ ಭಯ. ನಮ್ಮಪ್ಪನ್ ಕಾಲ್ದಿಂದ್ಲೂ ಈ ಸೊಪ್ಪು ತಲೆ ಎತ್ಕಂಡು ನೀರ್ ಮೇಲೆ ಮನೀಕಂಡಿದ್ದಿಲ್ಲ. ನೆಲ ಬುಟ್ಟು ಇಷ್ಟ್ ಮ್ಯಾಕೆ ಯಾಕ್ ಬಂತು? ನಂಗ್ ತಿಳೀವಲ್ದು."

"ಬಣ್ಣ ಬೇರೆಯಾಗಿದೆ, ಅಷ್ಟೆ. ನೀರಿನ ಬಣ್ಣ ಬದಲಾದರೆ ಆಳ ಬದಲಾಗುತ್ತೇನಯ್ಯ?" ಎಂದು ನಾನು ನಕ್ಕೆ.

ಆ ನಗುವನ್ನು ನಾನು ಮರೆತಿಲ್ಲ. ಓದಿದವನ ನಗು. ದೊಡ್ಡಯ್ಯ ಮತ್ತೆ ಬಲೆಗೆ ಬಗ್ಗಿದ. ಮೇಷ್ಟ್ರ ಎದುರು ಮಾತು ಬೆಳೆಸುವ ಅಭ್ಯಾಸ ಅವನಿಗಿರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ನನಗೆ ಚಳಿಜ್ವರ ಬಂತು. ಯುದ್ಧಕಾಲ, ಕ್ವಿನೈನೂ ಸರಿಯಾಗಿ ಸಿಗದು. ಎರಡು ವಾರ ಬರೀ ಗಂಜಿ ಕುಡಿದು ನಾಲಿಗೆ ಸತ್ತುಹೋಗಿತ್ತು. ಜ್ವರ ಬಿಟ್ಟ ದಿನ ಅವರೆಕಾಯಿಯ ಸೊಗಡು ನೆನಪಾಗಿ ಬಾಯಲ್ಲಿ ನೀರೂರಿತು. ಆಚೆ ಊರಿನವರೊಬ್ಬರು ಸಂತೆಯಿಂದ ಮದ್ದೂರು ಸುತ್ತಿಕೊಂಡು ಹೋಗುವವರಿದ್ದರು. ಅವರ ಕೈಯಲ್ಲಿ ಹೇಳಿಕಳಿಸಿದೆ: "ಅಕ್ಕನಿಗೆ ಅವರೆಕಾಯಿ ತರಲು ಹೇಳಿ. ಸುತ್ತಿಕೊಂಡು ಬರುವುದು ಬೇಡ, ನಮ್ಮ ದಾರಿಯಲ್ಲಿ ಸೊಪ್ಪು ಬಂದಿದೆ ಎನ್ನಿ." ಒಂದು ಹಿಡಿ ಅವರೆಕಾಯಿಗೆ!

ಮಾರನೆಯ ದಿನ ಹೊತ್ತು ನೆತ್ತಿಗೆ ಬರುವಾಗ ಕಂಬಳಿ ಹೊದ್ದು ದಡದ ಕಲ್ಲಿನ ಮೇಲೆ ಕುಳಿತೆ. ಆಚೆ ದಡಕ್ಕೆ ಅಕ್ಕ ಬಂದಳು. ತಲೆಯ ಮೇಲೆ ಕುಕ್ಕೆ. ನೀರಿಗಿಳಿಯದೆ ನಿಂತು ಕೂಗಿದಳು.

"ತಮ್ಮಾ, ಗಳ ಇಲ್ವಲ್ಲೋ!"

"ಗಳ ಯಾಕಕ್ಕ? ಸೊಪ್ಪು ಐತಲ್ಲ, ನೋಡು."

"ನೀರು ಒಂಥರಾ ಅದೆ ಕಣ್ಲಾ. ತಳ ಕಾಣಾಕಿಲ್ಲ. ದಾಟ್ಬೋದಾ?"

"ಬಾ ಅಕ್ಕ. ಸೊಪ್ಪಿನ ಮೇಲೇ ಬಾ. ಏನಾಗಲ್ಲ."

"ನೀ ಓದ್ದೋನು. ನೀ ಯೋಳುದ್ರೆ ಸರಿ ಬುಡು."

ಸೀರೆ ಎತ್ತಿ ಸಿಕ್ಕಿಸಿಕೊಂಡಳು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ನಡುಹೊಳೆಯ ಹಸಿರು ಹತ್ತಿರವಾದಾಗ ಅವಳ ಮುಖ ಸಡಿಲವಾಯಿತು, ನನ್ನ ಕಡೆ ನೋಡಿ ಏನೋ ಹೇಳಿದಳು, ಕೇಳಿಸಲಿಲ್ಲ. ಯಾವತ್ತಿನಂತೆ ಅಲ್ಲಿ ಒಂದು ಗಳಿಗೆ ನಿಲ್ಲುವುದಕ್ಕೆಂದೇ ಸೊಪ್ಪಿನ ಮೇಲೆ ಕಾಲಿಟ್ಟಳು.

ಕೂಗಲಿಲ್ಲ. ಕೂಗಲು ಹೊತ್ತಿರಲಿಲ್ಲ. ಕುಕ್ಕೆ ಒಂದು ಗಳಿಗೆ ನೀರಿನ ಮೇಲೆ ನಿಂತು, ಆಮೇಲೆ ಮಗುಚಿತು. ಅವರೆಕಾಯಿ ಹೊಳೆಯಗಲ ಹರಡಿಕೊಂಡು ತೇಲಿದವು.

ನಾನು ಕೂಗಿದ್ದು ನೆನಪಿದೆ, ಕಂಬಳಿ ಸಮೇತ ನೀರಿಗೆ ಬಿದ್ದದ್ದು ನೆನಪಿದೆ. ಈಜು ಬಾರದ ನನ್ನನ್ನು ಯಾರೋ ಎಳೆದು ದಡಕ್ಕೆ ಹಾಕಿದರು. ಅಕ್ಕನನ್ನು ತಂದವನು ದೊಡ್ಡಯ್ಯ. ಹರಿಗೋಲು ತಳ್ಳಿಕೊಂಡು ಹೋಗಿ ಹಾರಿದ, ಮೂರು ಸಲ ಮುಳುಗಿ ಎದ್ದ, ನಾಲ್ಕನೆಯ ಸಲ ಅವಳು ಸಿಕ್ಕಳು. ಅಲ್ಲಿ ಎರಡಾಳು ನೀರಿತ್ತಂತೆ. ಅವಳ ಕಾಲು, ಕೈ, ಕುತ್ತಿಗೆಗೆಲ್ಲ ಸೊಪ್ಪು ಸುತ್ತಿಕೊಂಡಿತ್ತು. ಅವನು ಅದನ್ನು ಕುಡುಗೋಲಿನಿಂದ ಕೊಯ್ದು ಬಿಡಿಸಿ, ಒಂದೊಂದಾಗಿ ಮರಳಿನ ಮೇಲೆ ಹಾಕಿದ. ನನಗೆ ಅಕ್ಕನ ಮುಖ ನೋಡಲಾಗಲಿಲ್ಲ, ಸೊಪ್ಪನ್ನೇ ನೋಡಿದೆ. ಒಂದೊಂದು ಎಳೆಯೂ ಆಳುದ್ದಕ್ಕಿಂತ ಉದ್ದ. ದಾರದಷ್ಟು ಸಣ್ಣ, ಬೆಳ್ಳಗೆ, ಬುಡದಿಂದ ಒಂದೂ ಎಲೆಯಿಲ್ಲ. ಹಸಿರೆಲ್ಲ ತುದಿಯಲ್ಲಿ.

ಡಬ್ಬದೊಳಗಿನ ಗಿಡ ಅದು. ಮಡುವಿನ ಅಂಚಿನಲ್ಲಿ ಬೇರೂರಿದ್ದ ಸೊಪ್ಪು, ಕಪ್ಪು ನೀರಿನಲ್ಲಿ ಬೆಳಕು ಸಾಲದೆ, ಬೆಳಕು ಹುಡುಕಿಕೊಂಡು ಮೇಲಕ್ಕೆ ಬಂದು ಮಡುವಿನ ನೀರಿನ ಮೇಲೆಲ್ಲ ಹರಡಿಕೊಂಡಿತ್ತು. ನಾನು ಮೇಜು ತಟ್ಟಿ ಬರೆಸಿದ್ದ ಪಾಠ ಅಕ್ಷರ ತಪ್ಪದೆ ನಡೆದಿತ್ತು. ಓದಿಲ್ಲದ ದೊಡ್ಡಯ್ಯ ಯಾಕೆ ಎಂದು ಕೇಳಿದ್ದ. ಉತ್ತರ ನನ್ನ ಜೇಬಿನಲ್ಲಿತ್ತು. ನಾನು ನಕ್ಕಿದ್ದೆ.

ನನ್ನನ್ನು ಯಾರೂ ಬೈಯಲಿಲ್ಲ ನೋಡಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. "ಅವಳ ಅಣೇಲಿ ಅಷ್ಟೇ ಬರ್ದಿತ್ತು" ಎಂದರು ಊರವರು. ಭಾವ ನನ್ನ ಭುಜ ಹಿಡಿದುಕೊಂಡು ಅತ್ತರು. ದೊಡ್ಡಯ್ಯ ಸಾಯುವವರೆಗೂ ಆ ದಿನದ ಮಾತೆತ್ತಲಿಲ್ಲ, "ಮೇಷ್ಟ್ರೇ, ನೀವು" ಎನ್ನುವುದನ್ನೂ ಬಿಡಲಿಲ್ಲ. ನಾನು ಮಾತ್ರ ಆ ಮರ್ಯಾದೆ ಕಿವಿಗೆ ಬಿದ್ದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ. ಯುದ್ಧ ಮುಗಿಯಿತು, ಕಂಟ್ರಾಕ್ಟರು ಬರುವುದು ನಿಂತಿತು, ಹೊಲಗಳಿಗೆ ರಾಗಿ ಮರಳಿತು. ಹೊಳೆ ತಿಳಿಯಾಯಿತು. ಸೊಪ್ಪು ಮತ್ತೆ ಸೊಂಟದಾಳಕ್ಕೆ ಇಳಿದು ತಳದಲ್ಲಿ ತನ್ನಪಾಡಿಗೆ ಗಿಡ್ಡಗೆ ಬೆಳೆಯಿತು. ಗಳ ನೆಟ್ಟರು, ಜನ ದಾಟಿದರು, ಮಕ್ಕಳು ಮತ್ತೆ ಅದೇ ಮಾತು ಕಲಿತವು. ತಲೆತಲಾಂತರದಿಂದ ನಿಜವಾಗಿದ್ದ ಮಾತು ಸುಳ್ಳಾಗಿದ್ದು ಎರಡು ಮೂರು ಚಳಿಗಾಲ ಮಾತ್ರ. ಅಷ್ಟರೊಳಗೇ ನಾನು ಅವಳನ್ನು ಕರೆದೆ.

ಭಾವ ಇನ್ನೊಂದು ಮದುವೆಯಾದರು. ಆರು ವರ್ಷದ ಗೌರಿಯನ್ನು ನಾನು ಕರೆದುಕೊಂಡು ಬಂದೆ. ನನ್ನ ಶಾಲೆಗೇ ಸೇರಿಸಿದೆ. ಪ್ರಕೃತಿ ಪಾಠದ ಆ ಪುಟ ಬಂದಾಗಲೆಲ್ಲ ಹಾರಿಸಿಬಿಡುತ್ತಿದ್ದೆ. ಶಾಲೆಯಲ್ಲಿ ಮೊದಲ ಸಲ ಬಾವುಟ ಹಾರಿಸಿ ಕಲ್ಲುಸಕ್ಕರೆ ಹಂಚಿದ ವರ್ಷ ಇನ್ಸ್‌ಪೆಕ್ಟರು ಬರುತ್ತಾರೆಂದು ಸುದ್ದಿಯಾಯಿತು, ಬಿಟ್ಟ ಪಾಠಗಳನ್ನೆಲ್ಲ ಮಾಡಲೇಬೇಕಾಯಿತು. ಎರಡು ಚಿಪ್ಪು, ಒಂದು ಡಬ್ಬ. ಡಬ್ಬ ಎತ್ತಿ, ಬರೆದುಕೊಳ್ಳಿ ಎಂದೆ. ಮೂರನೆಯ ಸಾಲಿನಲ್ಲಿ ಗೌರಿ ಕುಳಿತಿದ್ದಳು. ಬರೆದುಕೊಂಡಳು.

ಅಂದು ಸಂಜೆ ಒಲೆಯ ಮುಂದೆ ಕುಳಿತು ನೆನೆಸಿದ ಅವರೆಕಾಳನ್ನು ಹಿಸುಕುತ್ತಾ ಅವಳು ಕೇಳಿದಳು.

"ಮಾವ, ಒಳೇಲಿ ಆವತ್ತು ಸೊಪ್ಪು ಉದ್ದುಕ್ ಬೆಳ್ದಿದ್ದೂ ಇಂಗೇ ಅಲ್ವಾ?"

"ಹೂಂ."

"ಅವ್ವ ಸತ್ತೋದಾಗ ಇದು ನಿಮ್ಗೆ ಗೊತ್ತಿತ್ತಾ?"

ಒಲೆಯಲ್ಲಿ ಸೌದೆ ಸರಿಯಾಗಿಯೇ ಉರಿಯುತ್ತಿತ್ತು. ಆದರೂ ನಾನು ಬಗ್ಗಿ ಅದನ್ನು ಮುಂದಕ್ಕೆ ತಳ್ಳಿದೆ.

"ಇಲ್ಲ ಕಣವ್ವ. ಆಮೇಲೆ ಪುಸ್ತಕದಲ್ಲಿ ಓದಿ ತಿಳ್ಕಂಡೆ."

"ಅದೇ ಅನ್ಕಂಡೆ. ಗೊತ್ತಿದ್ರೆ ನೀವು ಬಾ ಅಂತಿರ್ನಿಲ್ಲ," ಎಂದಳು ಹತ್ತು ವರ್ಷದ ಹುಡುಗಿ. ಹಿಸುಕಿದ ಬೇಳೆಯನ್ನೆಲ್ಲ ನನ್ನ ಕಡೆಗೆ ಸರಿಸಿದಳು.

ಮೊನ್ನೆ ನಾನು ಅಡುಗೆಮನೆಯಿಂದ ಬಂದು ಕುಳಿತ ಮೇಲೆ ಗೌರಿಯ ಮೊಮ್ಮಗ ಆ ಮೊಳಕೆ ನೋಡಲು ಓಡಿದ. ಅವಳು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳುವುದು ನನಗಿಲ್ಲಿಗೆ ಕೇಳಿಸುತ್ತಿತ್ತು. ಬೆಳಕು ಸಾಲದಿದ್ದರೆ ಗಿಡ ಹೀಗಾಗುತ್ತದೆ, ಹೊಳೆಯಲ್ಲೂ ಹೀಗೇ ಆಗಿತ್ತು, ನಿಮ್ಮ ಮುತ್ತಜ್ಜಿ ಹೀಗೇ ಹೋದಳು. ಕೊನೆಗೆ ದನಿ ತಗ್ಗಿಸಿ, "ತಾತಂಗೆ ಆಗ ಗೊತ್ತಿರ್ನಿಲ್ಲ ಕಣೋ, ಪಾಪ. ಗೊತ್ತಿದ್ದಿದ್ರೆ ನಮ್ಮವ್ವ ಉಳ್ಕತಿದ್ಲು. ಅವ್ರ ಮುಂದೆ ಈ ಮಾತೆತ್ಬೇಡ," ಎಂದಳು. ಆಮೇಲೆ ಎಂದಿನಂತೆ ನನಗೆ ಕಾಫಿ ತಂದುಕೊಟ್ಟಳು. ಕುಡಿದೆ.

ನನ್ನ ಬರಹ ಯಾವ ಪತ್ರಿಕೆಯಲ್ಲಿ ಬಂದರೂ ಮೊದಲು ಓದುವವಳು ಗೌರಿ. ಕೈ ತೊಳೆದುಕೊಂಡು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ. ಇದನ್ನೂ ಓದುತ್ತಾಳೆ. ಎದುರಿಗೆ ಕೂತು ಹೇಳುವ ಧೈರ್ಯ ಇಷ್ಟು ವರ್ಷವಾದರೂ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಗೊತ್ತಿತ್ತು ಕಣವ್ವ. ನಿಮ್ಮವ್ವನೇ ಹೇಳಿದ್ದಳು.